ಹನಿ ಬಿದ್ದದ್ದು ಒಂದು ಕಡೆ, ಸೋರಿದ್ದು ಎರಡು ಕಡೆ: ಉಡುಪಿಯ ಬಾಡಿಗೆ ಗಾಡಿಯೊಂದರ ಪವರ್ ಸ್ಟೀರಿಂಗ್ ಪ್ರಕರಣ

ಗಾಡಿ 2011ರ ಮಾಡೆಲ್, ಏಳು ಸೀಟಿನ ಡೀಸೆಲ್, ಮೀಟರ್ 1.9 ಲಕ್ಷ ಕಿಲೋಮೀಟರ್ ದಾಟಿದೆ. ಮಣಿಪಾಲದಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ದಿನನಿತ್ಯದ ಬಾಡಿಗೆ, ಶನಿವಾರ ಭಾನುವಾರ ಆಗುಂಬೆ ಘಾಟಿ ಹತ್ತಿ ಶೃಂಗೇರಿ. ಸ್ಟೀರಿಂಗ್ ಹಳೆಯ ಹೈಡ್ರಾಲಿಕ್ ಬಗೆಯದು: ಬೆಲ್ಟಿನಿಂದ ತಿರುಗುವ ವೇನ್ ಪಂಪ್, ಪ್ಲಾಸ್ಟಿಕ್ಕಿನ ಆಯಿಲ್ ಡಬ್ಬಿ, ಒಂದು ಪ್ರೆಶರ್ ಹೋಸ್, ಒಂದು ರಿಟರ್ನ್ ಹೋಸ್, ಕೆಳಗೆ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ಹಲ್ಲಿನ ದಂಡ, ಅಂದರೆ ರ್ಯಾಕ್. ಆಯಿಲ್ ಡೆಕ್ಸ್ರಾನ್-3 ದರ್ಜೆಯ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿಗೂ ಬಳಸುವ ಆಯಿಲ್), ಎಲ್ಲ ಸೇರಿ ಸುಮಾರು 1 ಲೀಟರ್.

ಬೆಳಿಗ್ಗೆ ಸ್ಟಾರ್ಟ್ ಮಾಡಿ ತಿರುಗಿಸಿದರೆ ಗೊರಗೊರ ಸದ್ದು, ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ಗಟ್ಟಿ, ಹತ್ತು ದಿನಕ್ಕೊಮ್ಮೆ ಆಯಿಲ್ ಹಾಕದೆ ಗತಿಯಿಲ್ಲ. ಗಾಡಿ ಅದಾಗಲೇ ಮೂರು ಗ್ಯಾರೇಜ್ ಕಂಡಿತ್ತು. ಒಂದು ಕಡೆ ಪಂಪ್ ಬಿಚ್ಚಿ ಸೀಲ್ ಕಿಟ್ ಹಾಕಿದ್ದರು. ಲೀಕ್ ನಿಲ್ಲದಿದ್ದಾಗ ಇನ್ನೊಂದು ಕಡೆ ‘ಸ್ಟಾಪ್ ಲೀಕ್’ ಬಾಟಲಿ ಸುರಿದರು. ಮೂರನೆಯವರು ಕೆಳಗೆ ಹಣಕಿ, ಒದ್ದೆಯಾಗಿದ್ದ ರ್ಯಾಕ್ ತೋರಿಸಿ, ಇದನ್ನೇ ಬದಲಿಸಬೇಕು ಎಂದರು. ಮಾಲೀಕರ ಪ್ರಶ್ನೆ ನ್ಯಾಯವಾದದ್ದೇ: “ಅಲ್ಲ ಮಾರಾಯ್ರೆ, ಪಂಪ್ ಅಂದ್ರು, ಮಾಡ್ಸಿ ಆಯ್ತು. ಈಗ ರ್ಯಾಕ್ ಅಂತಾರೆ. ನಾಳೆ ಎಂತ ಹೇಳ್ತಾರೆ?”

ಕೆಂಪು ಮಣ್ಣು, ಕೆಂಪು ಆಯಿಲ್

ತಿಂಗಳು ಆಗಸ್ಟ್. ಕರಾವಳಿಯಲ್ಲಿ ಮಳೆಗಾಲದ ಗಾಡಿಯ ಅಡಿಭಾಗ ನೋಡಿ ಲೀಕ್ ಹಿಡಿಯುವುದು ಸುಲಭವಲ್ಲ. ಮುರಕಲ್ಲಿನ ಕೆಂಪು ಕೆಸರು ಎಲ್ಲ ಕಡೆ ಮೆತ್ತಿಕೊಂಡಿರುತ್ತದೆ, ಎಟಿಎಫ್ ಬಣ್ಣವೂ ಅದೇ. ಎಸಿ ನೀರು ಬೇರೆ ಧಾರಾಳವಾಗಿ ಸುರಿಯುತ್ತಿರುತ್ತದೆ. ಇದಕ್ಕೆ ಬಿಳಿ ಟಿಶ್ಯೂ ಕಾಗದ ಸಾಕು. ಒದ್ದೆ ಜಾಗಕ್ಕೆ ಒತ್ತಿ ತೆಗೆದು ಹತ್ತು ನಿಮಿಷ ಒಣಗಲು ಬಿಡಬೇಕು. ಕೆಸರು ನೀರಾದರೆ ಒಣಗಿ ಪುಡಿಯಾಗಿ ಉದುರುತ್ತದೆ. ಆಯಿಲ್ ಆದರೆ ಕಾಗದ ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಕಾಣುವ ಕಲೆ ಉಳಿಯುತ್ತದೆ. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪು, ಕೂಲೆಂಟ್‌ಗೆ ಸಿಹಿ ವಾಸನೆ, ಎಟಿಎಫ್ ಹಳತಾದರೆ ಕೆಂಪು ಹೋಗಿ ಕಂದು. ಈ ಗಾಡಿಯ ಕಲೆ ಕೆಂಗಂದು.

ಇನ್ನೊಂದು ತೊಡಕು ನಮ್ಮ ಕಡೆಯ ರೂಢಿಯಿಂದಲೇ ಬಂದದ್ದು. ತುಕ್ಕು ಹಿಡಿಯಬಾರದೆಂದು ವಾಟರ್ ಸರ್ವಿಸ್ ಆದ ಮೇಲೆ ಅಡಿಭಾಗಕ್ಕೆ ಆಯಿಲ್ ಸ್ಪ್ರೇ ಹೊಡೆಸುತ್ತಾರೆ. ಉಪ್ಪುಗಾಳಿಯ ಊರಲ್ಲಿ ಆ ಕಾಳಜಿ ತಪ್ಪಲ್ಲ. ಆದರೆ ಆ ಎಣ್ಣೆ ರಬ್ಬರ್ ಬುಶ್ಶುಗಳನ್ನು, ಧೂಳು ನೀರು ತಡೆಯುವ ಮಡಿಕೆಯ ರಬ್ಬರ್ ಚೀಲಗಳಾದ ಬೂಟ್‌ಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಜತೆಗೆ ಎಲ್ಲವೂ ಎಣ್ಣೆಯಾಗಿ ಹೊಸ ಲೀಕ್ ಯಾವುದು, ಸ್ಪ್ರೇ ಯಾವುದು ಎಂದು ಹೇಳಲಾಗದು. ಮೆಟಲ್ಲಿಗೆ ಮಾತ್ರ ಮೇಣದಂಥ ಅಂಡರ್‌ಕೋಟ್ ಹೊಡೆಸಿ ರಬ್ಬರನ್ನು ಬಿಟ್ಟುಬಿಡುವುದು ಒಳ್ಳೆಯದು.

ಮೊದಲು ಅಳತೆ, ಆಮೇಲೆ ತೊಳೆತ

ಲೀಕ್ ಎಲ್ಲಿ ಎನ್ನುವ ಮೊದಲು ಎಷ್ಟು ಎಂದು ಗೊತ್ತಾಗಬೇಕು. ಎಂಜಿನ್ ತಣ್ಣಗಿರುವಾಗ ಸಮತಟ್ಟಿನಲ್ಲಿ ನಿಲ್ಲಿಸಿ, ಡಬ್ಬಿಯ ಹೊರಗೆ ಆಯಿಲ್ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು ಗಾಡಿಯನ್ನು ಬಾಡಿಗೆಗೆ ಬಿಡಲಾಯಿತು. ಹತ್ತು ದಿನ ಕಳೆದು ಅದೇ ಜಾಗದಲ್ಲಿ ನಿಲ್ಲಿಸಿ, 50 ಮಿಲಿಯ ಸಿರಿಂಜಿನಿಂದ ಮತ್ತೆ ಗೆರೆ ಮುಟ್ಟುವಷ್ಟು ತುಂಬಿದಾಗ ಹೋದದ್ದು ಸುಮಾರು 150 ಮಿಲಿ. ಮುಂದೆ ಎಲ್ಲ ತೀರ್ಮಾನಕ್ಕೂ ಈ ಒಂದು ಅಂಕಿಯೇ ಆಧಾರವಾಯಿತು. ಇದಿಲ್ಲದಿದ್ದರೆ ಎರಡನೆಯ ಲೀಕ್ ಸಿಗುತ್ತಲೇ ಇರಲಿಲ್ಲ.

ಇದೇ ಹೊತ್ತಿಗೆ ಒಂದು ಸುಳ್ಳು ಲೀಕ್ ಕೂಡ ಸಿಕ್ಕಿತು. ಡಬ್ಬಿಯ ಮುಚ್ಚಳದ ಸುತ್ತ ಆಯಿಲ್ ಇತ್ತು. ಹೇಗೂ ಕಡಿಮೆಯಾಗುತ್ತದಲ್ಲ ಎಂದು ಚಾಲಕರು ಪ್ರತಿ ಸಲ ಬಾಯಿಮಟ್ಟ ತುಂಬುತ್ತಿದ್ದರು. ಬಿಸಿಯಾದಾಗ ಆಯಿಲ್ ಹಿಗ್ಗಿ ಮುಚ್ಚಳದ ಗಾಳಿ ರಂಧ್ರದಿಂದ ಹೊರಬರುತ್ತದೆ. ತಣ್ಣಗಿದ್ದಾಗ ‘ಕೋಲ್ಡ್’ ಗೆರೆ ದಾಟಿಸಬಾರದು. ಡಬ್ಬಿಯಲ್ಲಿ ನೊರೆ ಇದ್ದರೂ ಹೀಗೇ ಉಕ್ಕುತ್ತದೆ, ಆದರೆ ಅದು ಬೇರೆ ಕಾಯಿಲೆ: ಡಬ್ಬಿಯಿಂದ ಪಂಪಿಗೆ ಹೋಗುವ ಹೀರು ಹೋಸ್ ಅಥವಾ ಅದರ ಓ ರಿಂಗ್ ಸಡಿಲವಾಗಿ ಗಾಳಿ ಎಳೆಯುತ್ತಿರುತ್ತದೆ. ಅಂಥ ಕಡೆ ಎಂಜಿನ್ ಓಡುವಾಗ ಹನಿಯೂ ಹೊರಬಾರದು, ಒಳಗೆ ಗಾಳಿ ಮಾತ್ರ ಹೋಗುತ್ತಿರುತ್ತದೆ. ಇಲ್ಲಿ ನೊರೆ ಇರಲಿಲ್ಲ. ಬೆಳಗಿನ ಸದ್ದು ಮಟ್ಟ ಇಳಿದಾಗ ಮಾತ್ರ.

ತೊಳೆಯುವಾಗ ಡೀಸೆಲ್ ಬಳಸಲಿಲ್ಲ. ಡೀಸೆಲ್ ಒಣಗಿದ ಮೇಲೂ ಜಿಡ್ಡು ಬಿಟ್ಟು ದಾರಿ ತಪ್ಪಿಸುತ್ತದೆ. ನೀರಿನಲ್ಲಿ ಕರಗುವ ಡಿಗ್ರೀಸರ್ ಹಚ್ಚಿ, ಬ್ರಷ್‌ನಿಂದ ಉಜ್ಜಿ, ಸಾಧಾರಣ ಪೈಪಿನ ನೀರಲ್ಲಿ ತೊಳೆದು, ಕಂಪ್ರೆಸರ್ ಗಾಳಿ ಊದಿ, ಜೋಡಣೆಗಳಿಗೆ ಮಾತ್ರ ಬ್ರೇಕ್ ಕ್ಲೀನರ್ ಸಿಂಪಡಿಸಿ ಒಣಗಿಸಲಾಯಿತು. ಆಲ್ಟರ್ನೇಟರ್ ಮತ್ತು ರ್ಯಾಕ್ ಬೂಟಿನ ಮೇಲೆ ಜೆಟ್ ಹಿಡಿಯಬಾರದು.

ಪಂಪ್ ತಪ್ಪಿತಸ್ಥನಲ್ಲ

ಆಯಿಲಿಗೆ ಯುವಿ ಡೈ ಹಾಕಿ (ಬಾಟಲಿಯ ಮೇಲೆ ಬರೆದ ಪ್ರಮಾಣದಷ್ಟೇ), ಅರ್ಧ ತಾಸು ಓಡಿಸಿ ಬಿಸಿ ಮಾಡಿ, ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಹಳದಿ ಕನ್ನಡಕ ಹಾಕಿ ಯುವಿ ಟಾರ್ಚ್ ಹಿಡಿದರೆ ಆಯಿಲ್ ಹಸಿರು ಹಳದಿಯಾಗಿ ಹೊಳೆಯುತ್ತದೆ. ಡೈ ಸಿಗದಿದ್ದರೆ ಒಣಗಿದ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿದರೂ ಆದೀತು. ಒದ್ದೆಯಾದ ಕಡೆ ಪೌಡರ್ ಕಪ್ಪಾಗುತ್ತದೆ.

ಎಂಜಿನ್ ಐಡಲ್‌ನಲ್ಲಿದ್ದು ಸ್ಟೀರಿಂಗ್ ನೇರವಾಗಿರುವಾಗ ಎಲ್ಲೂ ಏನೂ ಇಲ್ಲ. ಅದು ಸಹಜ. ನೇರವಿದ್ದಾಗ ಪಂಪ್ ಒತ್ತಡ ಕೆಲವೇ ಬಾರ್. ಸ್ಟೀರಿಂಗನ್ನು ಕೊನೆವರೆಗೆ ತಿರುಗಿಸಿ ಹಿಡಿದಾಗ ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡ ಬಿಡುವ ಕವಾಟ) ತೆರೆಯುವ ಮಟ್ಟಕ್ಕೆ, ಇಂಥ ಗಾಡಿಗಳಲ್ಲಿ 80ರಿಂದ 100 ಬಾರ್ ಆಸುಪಾಸಿಗೆ ಅದು ಏರುತ್ತದೆ. ನಿಂತ ಗಾಡಿಯನ್ನು ಟಾರ್ಚ್ ಹಾಕಿ ನೋಡಿ “ಎಂತದ್ದೂ ಇಲ್ಲ” ಎನ್ನುವುದಕ್ಕೆ ಅರ್ಥವಿಲ್ಲದಿರುವುದು ಇದಕ್ಕೇ. ಒಬ್ಬರು ಒಳಗೆ ಕೂತು ಎಡಬಲಕ್ಕೆ ಪೂರ್ತಿ ತಿರುಗಿಸಿ ಮೂರು ನಾಲ್ಕು ಸೆಕೆಂಡ್ ಹಿಡಿಯಬೇಕು, ಇನ್ನೊಬ್ಬರು ಕೆಳಗಿಂದ ನೋಡಬೇಕು. ಐದು ಸೆಕೆಂಡ್ ಮೀರಿ ಹಿಡಿದರೆ ಪಂಪ್ ಕಾದು ಹಾಳಾಗಬಹುದು. ಲೀಕ್ ಹುಡುಕಲು ಕೈಯನ್ನಂತೂ ಸವರಲೇಬಾರದು. ಈ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೇ ನುಗ್ಗಬಲ್ಲದು. ರಟ್ಟಿನ ತುಂಡು ಹಿಡಿಯಿರಿ.

ಮೂರನೇ ಸಲ ಹಿಡಿದಾಗ ಕಾಣಿಸಿತು. ಪ್ರೆಶರ್ ಹೋಸಿನ ರಬ್ಬರ್ ಮತ್ತು ಸ್ಟೀಲ್ ಪೈಪ್ ಸೇರುವ ಕಡೆ ಒತ್ತಿ ಬಿಗಿದ ಲೋಹದ ಪಟ್ಟಿಯ, ಅಂದರೆ ಕ್ರಿಂಪ್ ಕಾಲರಿನ, ಅಂಚಿನಲ್ಲಿ ಸಣ್ಣ ಹೊಳೆಯುವ ಉಂಗುರ ಮೂಡಿ, ಹನಿಗಟ್ಟಿ, ಪೈಪಿನ ಮೇಲೆ ಜಾರಿತು. ಆ ಜಾಗ ಪಂಪಿಗಿಂತ ಒಂದು ಗೇಣು ಮೇಲೆ. ಅಲ್ಲಿಂದ ಇಳಿದ ಆಯಿಲ್ ಪಂಪಿನ ಮೈ ಒದ್ದೆ ಮಾಡಿ, ರೇಡಿಯೇಟರ್ ಫ್ಯಾನಿನ ಗಾಳಿಗೆ ಹಿಂದಕ್ಕೆ ಹರಡಿ, ಕ್ರಾಸ್‌ಮೆಂಬರ್ (ಅಡಿಯ ಅಡ್ಡ ಕಂಬಿ) ಮೇಲಿಂದ ಹರಿದು ರ್ಯಾಕಿನ ಎಡ ತುದಿಯಿಂದ ನೆಲಕ್ಕೆ ಬೀಳುತ್ತಿತ್ತು. ಪಂಪ್ ನೋಡಿದವರಿಗೆ ಪಂಪ್ ಒದ್ದೆ, ರ್ಯಾಕ್ ನೋಡಿದವರಿಗೆ ರ್ಯಾಕ್ ಒದ್ದೆ. ಹುಡುಕಬೇಕಾದದ್ದು ಒದ್ದೆಯಾದ ಭಾಗಗಳಲ್ಲೆಲ್ಲ ಅತಿ ಮೇಲೆ ಇರುವುದನ್ನು, ಅದರಲ್ಲೂ ಗಾಳಿ ಬರುವ ಕಡೆಗಿರುವುದನ್ನು.

ಪಂಪ್ ಬಿಚ್ಚುವ ಮೊದಲು ಪುಲ್ಲಿಯ ಹಿಂಬದಿ ನೋಡಿದ್ದರೆ ಆ ಖರ್ಚು ಉಳಿಯುತ್ತಿತ್ತು. ಶಾಫ್ಟ್ ಸೀಲ್ ಲೀಕಾದರೆ ತಿರುಗುವ ಪುಲ್ಲಿ ಆಯಿಲನ್ನು ಸುತ್ತಲೂ ಎರಚುತ್ತದೆ. ಬಾನೆಟ್ಟಿನ ಒಳಮೈ, ಬೆಲ್ಟಿನ ಅಂಚು, ಅಕ್ಕಪಕ್ಕದ ಬ್ರಾಕೆಟ್ ಮೇಲೆ ಒಂದೇ ಸಾಲಿನಲ್ಲಿ ಕಲೆ ಬೀಳುತ್ತದೆ, ಬೆಲ್ಟ್ ಕಿರುಚುತ್ತದೆ. ಇಲ್ಲಿ ಪುಲ್ಲಿಯ ಹಿಂಬದಿ ಒಣ ಧೂಳು.

ಸ್ಟಾಪ್ ಲೀಕ್ ಕೆಲಸ ಮಾಡದ್ದರಲ್ಲೂ ಆಶ್ಚರ್ಯವಿಲ್ಲ. ಆ ದ್ರವ ಗಟ್ಟಿಯಾದ ನೈಟ್ರೈಲ್ ರಬ್ಬರನ್ನು ಮೆತ್ತಗಾಗಿಸಿ ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ. ವಯಸ್ಸಾಗಿ ಒಣಗಿದ ಸೀಲಿಗೆ ಕೆಲ ತಿಂಗಳ ಉಪಕಾರ ಆಗಬಹುದು. ಕ್ರಿಂಪ್ ಕಾಲರಿಗೆ, ಹರಿದ ಸೀಲಿಗೆ ಅದರಿಂದ ಏನೂ ಆಗದು. ಬ್ರೇಕ್ ಆಯಿಲ್ ಹಾಕಿ ಇದೇ ಪರಿಣಾಮ ತರಿಸುವ ‘ಉಪಾಯ’ವೂ ಚಾಲ್ತಿಯಲ್ಲಿದೆ. ಅದನ್ನು ಹಾಕಿದರೆ ವ್ಯವಸ್ಥೆಯ ಪ್ರತಿ ಸೀಲೂ ಉಬ್ಬಿ ಕೆಟ್ಟುಹೋಗುತ್ತದೆ.

ಹೋಸ್: ಬೈಕಂಪಾಡಿಯಲ್ಲಿ ಮಾಡಿಸಬಹುದೆ?

ಕಂಪನಿ ಹೋಸ್ ಆರ್ಡರ್ ಹಾಕಿದರೆ ತಡ ಎಂದಾಗ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲೋ ಮಲ್ಪೆ ಬಂದರಿನ ಹತ್ತಿರವೋ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡಿಸುವ ಯೋಚನೆ ಯಾರಿಗೂ ಬರುತ್ತದೆ. ಜೆಸಿಬಿಗೂ ಬೋಟಿನ ವಿಂಚಿಗೂ ಹೋಸ್ ಮಾಡುವವರಿಗೆ ಇದು ದೊಡ್ಡ ಕೆಲಸವೂ ಅಲ್ಲ. ಮಾಡಿಸಬಹುದು, ಆದರೆ ಮೂರು ವಿಷಯ ನೋಡಿಕೊಂಡು. ಒತ್ತಡದ ಲೆಕ್ಕದಲ್ಲಿ ಒಂದು ತಂತಿ ಹೆಣಿಗೆಯ 3/8 ಇಂಚಿನ ಹೋಸೇ (ಆರ್1 ದರ್ಜೆ, ಸುಮಾರು 180 ಬಾರ್) ಧಾರಾಳ ಸಾಕು. ಎರಡು ಹೆಣಿಗೆಯ ಆರ್2 ಇನ್ನೂ ಗಟ್ಟಿ ಎಂದು ಅಂಗಡಿಯವರು ಕೊಡುತ್ತಾರೆ, ಅದು ಸುಲಭಕ್ಕೆ ಬಗ್ಗುವುದಿಲ್ಲ. ಎರಡನೆಯದು, ಕಂಪನಿಯ ಪ್ರೆಶರ್ ಹೋಸ್ ಸ್ವಲ್ಪ ಹಿಗ್ಗುವಂತೆಯೇ ಮಾಡಿದ್ದು. ಪಂಪಿನ ಮಿಡಿತವನ್ನು ಅದು ನುಂಗುತ್ತದೆ. ಸಾಮಾನ್ಯ ಹೈಡ್ರಾಲಿಕ್ ಹೋಸ್ ಹಿಗ್ಗದು, ಹಾಗಾಗಿ ಪಾರ್ಕಿಂಗ್ ಮಾಡುವಾಗ ಗುಂಯ್ ಎನ್ನುವ ಸದ್ದು ಸ್ಟೀರಿಂಗ್ ವೀಲಿನವರೆಗೆ ಬರುತ್ತದೆ. ಮೂರನೆಯದು ಶಾಖ. ಸಾಧಾರಣ ಹೋಸಿನ ಮಿತಿ 100 ಡಿಗ್ರಿ ಸೆಲ್ಸಿಯಸ್. ಎಕ್ಸಾಸ್ಟ್ ಪಕ್ಕದಲ್ಲಿ ಹಾದುಹೋಗುವ ಹೋಸಿಗೆ ಅದು ಸಾಲದು, ಅಲ್ಲಿ ಹೋಸ್ ಒಡೆದರೆ ಬಿಸಿ ಮೆಟಲ್ ಮೇಲೆ ಆಯಿಲ್ ಚಿಮ್ಮಿ ಬೆಂಕಿ ಹೊತ್ತಿಕೊಳ್ಳುವ ಭಯವೂ ಉಂಟು. ಈ ಗಾಡಿಯಲ್ಲಿ ಹೋಸ್ ಎಕ್ಸಾಸ್ಟ್ ಕಡೆಯಿಂದಲೇ ಹೋಗುತ್ತದೆ. ಆದ್ದರಿಂದ ಕಂಪನಿ ಹೋಸಿಗೇ ಕಾದದ್ದು. ಪ್ರೆಶರ್ ಹೋಸನ್ನು ಕತ್ತರಿಸಿ ಕ್ಲಿಪ್ ಹಾಕಿ ಜೋಡಿಸುವುದು ಯಾವ ಕಾರಣಕ್ಕೂ ಬೇಡ.

ಜೋಡಣೆ ಕಷ್ಟದ್ದಲ್ಲ. ಪಂಪ್ ಕಡೆಯ ಬ್ಯಾಂಜೊ ಬೋಲ್ಟಿಗೆ (ಆಯಿಲ್ ಹಾದುಹೋಗುವ ಟೊಳ್ಳು ಬೋಲ್ಟ್) ಎರಡೂ ಬದಿ ಹೊಸ ವಾಷರ್. ಒಮ್ಮೆ ಒತ್ತಿ ಚಪ್ಪಟೆಯಾದ ಹಳೆಯದನ್ನು ಮತ್ತೆ ಹಾಕಿದರೆ ಹೊಸ ಹೋಸ್ ಹಾಕಿದ ದಿನವೇ ಲೀಕ್. ರ್ಯಾಕ್ ಕಡೆಯ ಫ್ಲೇರ್ ನಟ್ಟಿಗೆ ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಉರುಟಾಗುತ್ತದೆ, ಅದೂ ತುಕ್ಕು ಹಿಡಿದಿದ್ದರೆ ಗ್ಯಾರಂಟಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿಟ್ಟು, ಫ್ಲೇರ್ ನಟ್ ಸ್ಪ್ಯಾನರಿನಿಂದ ಬಿಚ್ಚಬೇಕು. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಆ ಗಾಡಿಯ ಕೈಪಿಡಿಯ ಅಳತೆಗೆ.

ಸ್ಟಾಪ್ ಲೀಕ್ ಸೇರಿದ ಹಳೆಯ ಆಯಿಲ್ ಪೂರ್ತಿ ಹೋಗಬೇಕಿತ್ತು. ಮುಂದಿನ ಎರಡೂ ಚಕ್ರ ನೆಲಬಿಟ್ಟು ಎತ್ತಿ ಸ್ಟ್ಯಾಂಡಿಗೆ ಕೂರಿಸಿ, ರಿಟರ್ನ್ ಹೋಸ್ ತೆಗೆದು ಬಾಟಲಿಗೆ ಬಿಟ್ಟು, ಡಬ್ಬಿಯ ಖಾಲಿ ಮೂತಿಗೆ ಬೂಚು ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಟೀರಿಂಗ್ ತಿರುಗಿಸುತ್ತ ಹೊಸ ಆಯಿಲ್ ಸುರಿಯುತ್ತ ಹೋದರೆ ಬಣ್ಣ ತಿಳಿಯಾಗುವ ಹೊತ್ತಿಗೆ ಎರಡು ಲೀಟರ್ ಹತ್ತಿರ ಬೇಕಾಗುತ್ತದೆ. ಆಮೇಲೆ ಹೋಸ್ ಸೇರಿಸಿ, ಎಂಜಿನ್ ಆಫ್ ಇರುವಾಗಲೇ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹದಿನೈದಿಪ್ಪತ್ತು ಸಲ ತಿರುಗಿಸಿದರೆ ಗಾಳಿಯ ಬಹುಪಾಲು ಹೋಗುತ್ತದೆ. ನೇರ ಸ್ಟಾರ್ಟ್ ಮಾಡಿದರೆ ಪಂಪ್ ಗಾಳಿಯನ್ನೂ ಆಯಿಲನ್ನೂ ಕಡೆದು ನೊರೆ ಮಾಡುತ್ತದೆ, ಆ ನೊರೆ ಕೂರಲು ತಾಸುಗಟ್ಟಲೆ ಬೇಕು. ಗಾಳಿ ಹೋಗಿದೆಯೇ ಎಂದು ತಿಳಿಯಲು ಐಡಲ್‌ನಲ್ಲಿ ಮಟ್ಟ ನೋಡಿ ಎಂಜಿನ್ ಆಫ್ ಮಾಡಬೇಕು. ಮಟ್ಟ 5 ಮಿಲಿಮೀಟರಿಗಿಂತ ಹೆಚ್ಚು ಏರಿದರೆ ಒಳಗೆ ಇನ್ನೂ ಗಾಳಿ ಇದೆ. ಹಳೆ ಆಯಿಲ್ ಚರಂಡಿಗೆ ಹೋಗಬಾರದು. ವೇಸ್ಟ್ ಆಯಿಲ್ ಡ್ರಮ್ಮಿಗೆ.

ನೆಲ ಒಣ, ಆದರೂ ಮಟ್ಟ ಇಳಿಯಿತು

ಮತ್ತೆ ಗೆರೆ, ಮತ್ತೆ ಹತ್ತು ದಿನ. ಗಾಡಿಯಡಿ ಹಾಸಿದ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ, ಆದರೆ ಮಟ್ಟ ತುಂಬಲು 25 ಮಿಲಿ ಬೇಕಾಯಿತು. ಮಾಲೀಕರಿಗೆ ಇದು ಸರಿಹೋದಂತೆಯೇ. ಹೊರಗೆ ಕಾಣದ ಆಯಿಲ್ ಹೋಗಲು ಉಳಿದಿದ್ದು ರ್ಯಾಕಿನ ತುದಿಗಳ ರಬ್ಬರ್ ಬೂಟಿನೊಳಗೆ ಮಾತ್ರ.

ಎಡ ಬೂಟ್ ಅಮುಕಿದರೆ ಒಳಗೆ ಏನೋ ತುಳುಕುತ್ತಿತ್ತು. ಕೆಳಗೆ ತಟ್ಟೆ ಹಿಡಿದು ಹೊರ ಕ್ಲಿಪ್ ಸಡಿಲಿಸಿದಾಗ ಆಯಿಲೂ ನೀರೂ ಕಲೆತು ಹಾಲು ಹಾಕಿದ ಚಹಾದ ಬಣ್ಣದ ದ್ರವ ಇಳಿಯಿತು. ಬಲ ಬೂಟಿನಲ್ಲಿ ಗ್ರೀಸ್ ಮಾತ್ರ. ಈ ವ್ಯತ್ಯಾಸ ಮುಖ್ಯ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಪಿನಿಯನ್ (ರ್ಯಾಕಿನ ಹಲ್ಲಿಗೆ ಕೂರುವ ಸಣ್ಣ ಗೇರ್) ಬಲಕ್ಕೆ, ಹೈಡ್ರಾಲಿಕ್ ಸಿಲಿಂಡರ್ ಎಡಕ್ಕೆ ಇರುವುದು ಸಾಮಾನ್ಯ. ಸಿಲಿಂಡರಿನ ಒಳ ಸೀಲ್ ಹೋದರೆ ಆಯಿಲ್ ಪಿನಿಯನ್ ಕಡೆ ಹೋಗಿ, ಹಲ್ಲಿನ ಗ್ರೀಸ್ ಜತೆ ಬೆರೆತು ಬಲ ಬೂಟಿಗೆ ಬರುತ್ತದೆ. ಹೊರ ಸೀಲ್ ಹೋದರೆ ನೇರ ಎಡ ಬೂಟಿಗೆ. ಎರಡೂ ಬೂಟುಗಳ ನಡುವೆ ಗಾಳಿ ಪೈಪ್ ಇರುವ ಗಾಡಿಗಳಲ್ಲಿ ಆಯಿಲ್ ಹೆಚ್ಚಾದರೆ ಆ ಕಡೆಯದು ಈ ಕಡೆಗೂ ಬರಬಹುದು, ಅದಕ್ಕೇ ಎರಡನ್ನೂ ತೆರೆದು ನೋಡುವುದು. ಇಲ್ಲಿ ಹೊರ ಸೀಲ್ ಎನ್ನುವುದು ಸ್ಪಷ್ಟ.

ನೀರು ಹೇಗೆ ಹೋಯಿತು? ಬೂಟಿನ ಮಡಿಕೆಗಳು ನೇರವಿರಲಿಲ್ಲ, ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಹಿಂಬದಿಯ ಮಡಿಕೆಯೊಂದು ಬೆರಳಗಲ ಹರಿದಿತ್ತು. ಇದು ವೀಲ್ ಅಲೈನ್‌ಮೆಂಟ್ ಮಾಡುವಾಗ ಆಗುವಂಥದ್ದು. ಟೋ (ಮುಂದಿನ ಚಕ್ರಗಳ ಒಳ ಹೊರ ವಾಲಿಕೆ) ಸರಿಪಡಿಸಲು, ರ್ಯಾಕಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ತಿರುಗಿಸುವ ಮೊದಲು ಬೂಟಿನ ಹೊರ ಕ್ಲಿಪ್ ಸಡಿಲಿಸಬೇಕು. ಸಡಿಲಿಸದಿದ್ದರೆ ರಾಡ್ ಜತೆ ಬೂಟೂ ತಿರುಚಿಕೊಂಡು ಹಾಗೇ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆ ಹರಿದ ಬಾಯಿಂದ ಒಂದು ಮಳೆಗಾಲದ ನೀರು ಸಾಕು. ಗಾಡಿ ನೇರ ಚಕ್ರದಲ್ಲಿ ನಿಂತಾಗ ರ್ಯಾಕ್ ರಾಡಿನ ಒಂದು ಭಾಗ ಸೀಲಿನ ಹೊರಗೆ, ಬೂಟಿನೊಳಗೆ ಇರುತ್ತದೆ. ಅಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಅದೇ ಭಾಗ ಸೀಲಿನ ತುಟಿಯೊಳಗೆ ಉಜ್ಜುತ್ತ ಹೋಗಿ ಬರುತ್ತದೆ.

ರಾಡನ್ನು ಒರೆಸಿ ಉಗುರು ಹಾಯಿಸಿದಾಗ ಒಂದೇ ಸುತ್ತಿನಲ್ಲಿ ಮೂರು ಕಡೆ ಉಗುರು ಸಿಕ್ಕಿಕೊಂಡಿತು. ಕಲೆ ಮಾತ್ರ ಇದ್ದು ಉಗುರು ಜಾರುವುದಾದರೆ 1000 ನಂಬರಿನ ಪೇಪರಿಗೆ ಎಣ್ಣೆ ಹಚ್ಚಿ ಮೆಲ್ಲಗೆ ಸುತ್ತಲೂ ಉಜ್ಜಿ ಸೀಲ್ ಕಿಟ್ ಹಾಕಿದರೆ ಆಗುತ್ತದೆ, ಅದೇ ಸರಿಯಾದ ಕೆಲಸ. ಉಗುರು ಸಿಕ್ಕಿಕೊಂಡ ಮೇಲೆ ಸೀಲ್ ಕಿಟ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ. ಗುಳಿಯ ಅಂಚು ಹೊಸ ತುಟಿಯನ್ನೂ ಕತ್ತರಿಸುತ್ತದೆ. ಹಾಗಾಗಿ ರ್ಯಾಕ್ ಅಸೆಂಬ್ಲಿ ಬದಲಿಸುವುದೇ ಸರಿ ಎಂದಾಯಿತು. ರ್ಯಾಕ್ ಬದಲಿಸಿ ಎಂದಿದ್ದ ಮೂರನೆಯವರ ಮಾತು ಪೂರ್ತಿ ತಪ್ಪಾಗಿರಲಿಲ್ಲ. ಆದರೆ ಅವರು ತೋರಿಸಿದ ಒದ್ದೆ ರ್ಯಾಕಿನದಲ್ಲ, ಹೋಸಿನದು. ಅವರ ಮಾತಿನಂತೆ ಮಾಡಿದ್ದರೆ ದುಬಾರಿ ಹೊಸ ರ್ಯಾಕ್ ಬಂದ ಮೇಲೂ 150ರಲ್ಲಿ 125 ಮಿಲಿ ಸೋರುತ್ತಲೇ ಇರುತ್ತಿತ್ತು.

ರ್ಯಾಕ್ ಬರುವವರೆಗೆ ಗಾಡಿ ಓಡಿಸಬಹುದೆ? ಹೈಡ್ರಾಲಿಕ್ ಹೋದರೂ ಸ್ಟೀರಿಂಗ್ ಕಾಲಮ್ಮಿಗೂ ಚಕ್ರಕ್ಕೂ ಇರುವ ಲೋಹದ ಕೊಂಡಿ ಹಾಗೇ ಇರುತ್ತದೆ, ಆದರೆ ತಿರುಗಿಸಲು ಎರಡೂ ಕೈ ಬಲ ಬೇಕಾಗುವಷ್ಟು ಗಟ್ಟಿಯಾಗುತ್ತದೆ. ಹತ್ತು ದಿನಕ್ಕೆ 25 ಮಿಲಿ ಎಂದರೆ ವಾರಕ್ಕೊಮ್ಮೆ ಮಟ್ಟ ನೋಡಿಕೊಂಡು ಹೆದ್ದಾರಿಯಲ್ಲಿ ಓಡಿಸಬಹುದು. ಜನ ತುಂಬಿಕೊಂಡು ಆಗುಂಬೆಯ ತಿರುವುಗಳಿಗೆ ಬೇಡ ಎಂದು ಹೇಳಿ, ಬೂಟಿನ ನೀರು ತೆಗೆದು ಹೊಸ ಬೂಟ್ ಹಾಕಿ ಕೊಡಲಾಯಿತು.

ರ್ಯಾಕ್ ಬಿಚ್ಚುವಾಗ ನೆನಪಿಡಬೇಕಾದ್ದು ಸ್ಟೀರಿಂಗ್ ವೀಲನ್ನು ಸೀಟ್ ಬೆಲ್ಟಿನಿಂದ ಕಟ್ಟಿಡುವುದು. ಕಾಲಮ್ ಕಳಚಿದ ಮೇಲೆ ವೀಲ್ ತನ್ನಷ್ಟಕ್ಕೆ ಸುತ್ತಿದರೆ ಏರ್‌ಬ್ಯಾಗಿನ ಸುರುಳಿ ಕೇಬಲ್ ತುಂಡಾಗುತ್ತದೆ, ಅದು ಬೇರೆಯೇ ಖರ್ಚು. ಟೈ ರಾಡ್ ತುದಿ ಬಿಚ್ಚುವಾಗ ಎಷ್ಟು ಸುತ್ತು ಬಂತು ಎಂದು ಎಣಿಸಿಟ್ಟುಕೊಂಡರೆ ಅಲೈನ್‌ಮೆಂಟ್ ಅಂಗಡಿವರೆಗೆ ಗಾಡಿ ನೇರ ಹೋಗುತ್ತದೆ. ಆಯಿಲ್ ತುಂಬಿ ಗಾಳಿ ತೆಗೆಯುವ ಕ್ರಮ ಮೊದಲಿನಂತೆಯೇ. ಅಲೈನ್‌ಮೆಂಟ್ ಆದ ಮೇಲೆ ಎರಡೂ ಬೂಟಿನ ಮಡಿಕೆ ನೇರ ಇವೆಯೇ ಎಂದು ಪಿಟ್‌ನಿಂದ ನೋಡಿಯೇ ಬಿಲ್ಲಿಗೆ ಹಣ ಕೊಡುವಂತೆ ಚಾಲಕರಿಗೆ ಹೇಳಲಾಯಿತು.

ಹೊಸ ರ್ಯಾಕ್ ಹಾಕಿದ ಮೇಲಿನ ಹತ್ತು ದಿನದಲ್ಲಿ ಮಟ್ಟ ಗೆರೆ ಬಿಟ್ಟು ಕದಲಲಿಲ್ಲ. ಉಳಿದಿರುವುದು ರಿಟರ್ನ್ ಹೋಸ್. ಲೀಕ್ ಇಲ್ಲ, ಆದರೆ ಚಿವುಟಿದರೆ ರಬ್ಬರ್ ಬಳುಕುವುದಿಲ್ಲ, ಕ್ಲಿಪ್ ಕಚ್ಚಿದ ಕಡೆ ಕೂದಲೆಳೆಯಂಥ ಬಿರುಕು. ಮುಂದಿನ ಸರ್ವಿಸ್‌ಗೆ ಬಂದಾಗ ಎಟಿಎಫ್ ತಡೆಯುವ ದರ್ಜೆಯ ಹೋಸ್ ಹಾಕಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆದಿದೆ. ರೇಡಿಯೇಟರಿನ ನೀರಿನ ಹೋಸ್ ತುಂಡು ಅಲ್ಲಿಗೆ ಆಗದು, ಆಯಿಲಿಗೆ ಅದು ತಿಂಗಳೊಪ್ಪತ್ತಿನಲ್ಲಿ ಮೆತ್ತಗಾಗಿ ಕಳಚಿಕೊಳ್ಳುತ್ತದೆ.